ಅಣ್ಣ ಆಯುಷ್, ತಮ್ಮ ಯಾರು?

ಪ್ರಶ್ನೆ: ನಮ್ಮ ದೊಡ್ಡ ಮಗನ ಹೆಸರು ಆಯುಷ್. ಎರಡನೆಯ ಗಂಡುಮಗು ಹುಟ್ಟಿ ಹದಿನೆಂಟು ದಿನವಾಯಿತು. ಚಿತ್ತಾ ನಕ್ಷತ್ರ, ನಾಲ್ಕನೆಯ ಪಾದ. ‘ರಿ’ ಅಕ್ಷರ ಬಂದಿದೆ ಎಂದು ಪುರೋಹಿತರು ಹೇಳಿದ್ದಾರೆ. ಅತ್ತೆಯವರಿಗೆ ಅದು ತಪ್ಪಬಾರದು. ಅಣ್ಣನ ಹೆಸರಿಗೆ ಹೊಂದುವಂತೆ ತಮ್ಮನ ಹೆಸರೂ ‘ಷ್’ ಎಂದೇ ಮುಗಿಯಬೇಕು ಎಂಬುದು ನಮ್ಮಿಬ್ಬರ ಆಸೆ. ಮೊಬೈಲಿನಲ್ಲಿ ಹುಡುಕಿ ‘ರಿಯಾಂಶ್’ ಎಂಬ ಹೆಸರನ್ನು ಮೆಚ್ಚಿಕೊಂಡೆವು. ‘ಸೂರ್ಯನ ಮೊದಲ ಕಿರಣ’ ಎಂಬ ಅರ್ಥ ಕೊಟ್ಟಿದ್ದರು. ನಿವೃತ್ತ ಶಿಕ್ಷಕರಾದ ನಮ್ಮ ಮಾವನವರು ‘ಇದು ಯಾವ ಭಾಷೆ?’ ಎಂದು ಒಂದೇ ಮಾತು ಕೇಳಿ ಸುಮ್ಮನಾದರು. ಜನನ ಪತ್ರಕ್ಕೆ ಹೆಸರು ಕೊಡಲು ಇಪ್ಪತ್ತೊಂದೇ ದಿನ ಇರುವುದಂತೆ. ಏನು ಮಾಡಲಿ? — ದಾವಣಗೆರೆಯ ಓದುಗರೊಬ್ಬರು

ಉತ್ತರ: ಅಮ್ಮಾ, ಮೊದಲು ಆ ಗಡುವಿನ ಹೆದರಿಕೆ ಬಿಡಿ. ಇಪ್ಪತ್ತೊಂದು ದಿನ ಎಂಬುದು ಮಗು ಹುಟ್ಟಿದ್ದನ್ನು ತಿಳಿಸಲು ಇರುವ ಅವಧಿಯೇ ಹೊರತು ಹೆಸರಿಡಲು ಇರುವ ಅವಧಿಯಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮು ಹೆಸರಿಲ್ಲದ ಮಗುವಿನ ಜನನವನ್ನೂ ನೋಂದಾಯಿಸಲು ಅವಕಾಶ ಕೊಡುತ್ತದೆ. ಹನ್ನೆರಡು ತಿಂಗಳ ಒಳಗೆ ಶುಲ್ಕವಿಲ್ಲದೆ, ಅನಂತರ ಹದಿನೈದು ವರ್ಷದವರೆಗೆ ತಡದ ಶುಲ್ಕ ಕಟ್ಟಿ ಹೆಸರನ್ನು ಸೇರಿಸಬಹುದು. ಆಸ್ಪತ್ರೆಯವರು ಜನನವನ್ನು ನೋಂದಾಯಿಸಿದ್ದಾರೆಯೇ ಎಂಬುದನ್ನು ಮಾತ್ರ ನಾಳೆಯೇ ವಿಚಾರಿಸಿಕೊಳ್ಳಿ. ಹೆಸರು ನಿಧಾನವಾಗಿ ಬರಲಿ. ನಿಧಾನಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಚಾಲನಾ ಪರವಾನಗಿ ಎಲ್ಲಕ್ಕೂ ಹುಟ್ಟಿದ ದಿನದ ಆಧಾರ ಜನನ ಪತ್ರವೇ. ಅದರಲ್ಲಿ ಹೆಸರು ತಪ್ಪಾಗಿ ಕೂತರೆ ಮುಂದೆ ಎಲ್ಲೆಡೆಯೂ ಅದೇ ತಪ್ಪು ಮುಂದುವರಿಯುತ್ತದೆ.

ಇನ್ನು ನಿಮ್ಮ ಆಸೆಯ ವಿಚಾರ. ಹೆಸರು ಇಂಥದೇ ಸದ್ದಿನಲ್ಲಿ ಮುಗಿಯಬೇಕು ಎನ್ನುವುದನ್ನು ಈಗಿನವರ ಖಯಾಲಿ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ, ಏಕೆಂದರೆ ಈ ಚಿಂತೆ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಗಂಡುಮಗುವಿನ ಹೆಸರು ಗ, ಜ, ದ, ಬದಂಥ ಘೋಷಾಕ್ಷರದಿಂದ ಶುರುವಾಗಬೇಕು, ನಡುವೆ ಯ ರ ಲ ವಗಳಲ್ಲಿ ಒಂದಿರಬೇಕು, ಕೊನೆಗೆ ವಿಸರ್ಗದಲ್ಲಿ ನಿಲ್ಲಬೇಕು, ಅಕ್ಷರಗಳು ಎರಡೋ ನಾಲ್ಕೋ ಇರಬೇಕು ಎಂದು ಮನೆಯ ಸಂಸ್ಕಾರಗಳ ಹಳೆಯ ಗ್ರಂಥವಾದ ಆಶ್ವಲಾಯನ ಗೃಹ್ಯಸೂತ್ರ ವಿಧಿಸುತ್ತದೆ. ಹೆಣ್ಣುಮಗುವಿನ ಹೆಸರಿಗೆ ಬೆಸ ಸಂಖ್ಯೆಯ ಅಕ್ಷರಗಳು. ಈ ಲೆಕ್ಕ ಹಿಡಿದರೆ ಮೂರಕ್ಷರದ ರಮೇಶ, ಸುರೇಶ, ಗಣೇಶ, ಮಹೇಶರೆಲ್ಲ ನಪಾಸು. ನಮ್ಮೂರಿನ ಅರ್ಧ ಗಂಡಸರು ಹೆಣ್ಣುಮಕ್ಕಳ ಸಾಲಿಗೆ ಹೋಗುತ್ತಾರೆ! ಪತಂಜಲಿಯಂತೂ ಪಾಣಿನಿಯ ವ್ಯಾಕರಣದ ಮೇಲಿನ ತನ್ನ ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣ ಏಕೆ ಓದಬೇಕು ಎಂಬುದಕ್ಕೆ ಕೊಡುವ ಕಾರಣಗಳಲ್ಲಿ ಮಗುವಿಗೆ ಹೆಸರಿಡುವುದನ್ನೂ ಸೇರಿಸಿದ್ದಾನೆ. ಹೆಸರು ಕೃದಂತವಾಗಿರಬೇಕು, ಅಂದರೆ ಧಾತುವಿಗೆ ಪ್ರತ್ಯಯ ಸೇರಿ ಆದದ್ದಿರಬೇಕು; ತದ್ಧಿತಾಂತ, ಅಂದರೆ ನಾಮಪದಕ್ಕೆ ಪ್ರತ್ಯಯ ಸೇರಿ ಆದದ್ದು, ಆಗಬಾರದು ಎಂಬ ವಿಧಿ ಇದೆ. ವ್ಯಾಕರಣ ಓದದವನಿಗೆ ಅದು ಹೇಗೆ ತಿಳಿಯಬೇಕು ಎಂಬುದು ಅವನ ವಾದ. ಅದೇ ವಿಧಿಯಲ್ಲಿ ಇನ್ನೆರಡು ಮಾತುಗಳಿವೆ: ಹೆಸರು ಮನೆತನದ ಮೂರು ತಲೆಮಾರನ್ನು ನೆನಪಿಸುವಂತಿರಬೇಕು; ಹಗೆಗಳಲ್ಲಿ ಬಳಕೆಯಲ್ಲಿರುವ ಹೆಸರಾಗಿರಬಾರದು. ಎರಡನೆಯದು ಇಂದಿಗೂ ಎಲ್ಲ ಮನೆಗಳಲ್ಲಿ ನಡೆಯುತ್ತಿದೆ. ಒಳ್ಳೆಯ ಹೆಸರೊಂದು ಸೂಚಿಸಿದ ಕೂಡಲೇ ‘ಅಯ್ಯೋ, ಆ ಹೆಸರಿನವನೊಬ್ಬ ನಮ್ಮ ಕಚೇರಿಯಲ್ಲಿದ್ದಾನೆ, ಬೇಡ’ ಎನ್ನುವವರು ಪತಂಜಲಿಯನ್ನು ಓದಿಲ್ಲದಿದ್ದರೂ ಪಾಲಿಸುತ್ತಿದ್ದಾರೆ.

ನಮ್ಮ ನಾಡಿನ ಅರಸರಿಗೂ ಈ ಹಟ ಇತ್ತು. ಬಾದಾಮಿಯ ಚಾಲುಕ್ಯರಲ್ಲಿ ವಿಕ್ರಮಾದಿತ್ಯ, ಅವನ ಮಗ ವಿನಯಾದಿತ್ಯ, ಅವನ ಮಗ ವಿಜಯಾದಿತ್ಯ, ಮತ್ತೆ ಅವನ ಮಗ ವಿಕ್ರಮಾದಿತ್ಯ: ಆದಿಯಲ್ಲಿ ‘ವಿ’, ಅಂತ್ಯದಲ್ಲಿ ‘ಆದಿತ್ಯ’, ಅದರ ಜೊತೆಗೆ ಪೂರ್ವಜನ ನೆನಪು. ಕಲ್ಯಾಣದ ಚಾಲುಕ್ಯರು ‘ಮಲ್ಲ’ ಹಿಡಿದರು: ಆಹವಮಲ್ಲ, ಜಗದೇಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ. ನಿಮಗೆ ಬೇಕಾದ ‘ಷ’ಕಾರ ಇದ್ದದ್ದು ರಾಷ್ಟ್ರಕೂಟರ ಬಳಿ. ಧ್ರುವನಿಗೆ ಧಾರಾವರ್ಷ, ಮೂರನೆಯ ಗೋವಿಂದನಿಗೆ ಪ್ರಭೂತವರ್ಷ, ನೃಪತುಂಗನಿಗೆ ಅಮೋಘವರ್ಷ, ಅವನ ಮಗ ಕೃಷ್ಣನಿಗೆ ಅಕಾಲವರ್ಷ. ಇವು ತೊಟ್ಟಿಲಲ್ಲಿ ಇಟ್ಟ ಹೆಸರುಗಳಲ್ಲ, ಬಿರುದುಗಳು; ಆದರೂ ತಲೆಮಾರಿನಿಂದ ತಲೆಮಾರಿಗೆ ಒಂದೇ ಕೊನೆಯನ್ನು ಕಾಪಾಡಿಕೊಂಡು ಬಂದದ್ದು ನೋಡಿ. ಅವರು ಕಾಪಾಡಿಕೊಂಡದ್ದು ‘ಷ’ ಎಂಬ ಸದ್ದನ್ನಲ್ಲ, ‘ವರ್ಷ’ ಎಂಬ ಪದವನ್ನು. ವರ್ಷ ಎಂದರೆ ಮಳೆ. ಅಮೋಘವರ್ಷ ಎಂದರೆ ಎಂದೂ ಹುಸಿಹೋಗದ ಮಳೆ. ಅಕಾಲವರ್ಷ ಎಂದರೆ ಕಾಲ ನೋಡದೆ ಸುರಿಯುವವನು. ಕೊಡುವ ಕೈಯ ದೊರೆಗೆ ಒಪ್ಪುವ ಹೆಸರು.

ನಾನು ನಿಮಗೆ ಹೇಳಬೇಕಾದ್ದೆಲ್ಲ ಈ ವ್ಯತ್ಯಾಸದಲ್ಲೇ ಇದೆ. ನಮ್ಮ ಹೆಸರುಗಳಲ್ಲಿ ಹೆಚ್ಚಿನವು ಸಮಾಸಗಳು, ಅದರಲ್ಲೂ ತತ್ಪುರುಷ. ಹೈಸ್ಕೂಲಿನಲ್ಲಿ ಓದಿದ್ದು ನೆನಪಿದೆಯೇ? ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನ. ಗಣೇಶ ಎನ್ನುವಾಗ ಹೇಳುತ್ತಿರುವುದು ಗಣವನ್ನಲ್ಲ, ಈಶನನ್ನು. ಗಣ ಅವನನ್ನು ಗುರುತಿಸುವ ಚೀಟಿ ಮಾತ್ರ. ಹಾಗಾಗಿ ಹೆಸರಿನ ಕೊನೆ ಬಾಲವಲ್ಲ, ಯಜಮಾನ. ‘ಷ್ ಎಂದು ಮುಗಿಯುವ ಹೆಸರು’ ಎಂದು ಹುಡುಕಿದರೆ ಸಿಗುವುದು ಯಜಮಾನನಿಲ್ಲದ ಮನೆಗಳು. ‘ಈಶ’ನಲ್ಲಿ ಮುಗಿಯಲೋ, ‘ಅಂಶ’ದಲ್ಲೋ, ‘ತೋಷ’ದಲ್ಲೋ, ‘ವರ್ಷ’ದಲ್ಲೋ ಎಂದು ಕೇಳಿಕೊಂಡರೆ ಹುಡುಕಾಟವೇ ಬೇರೆಯಾಗುತ್ತದೆ.

ರಿಯಾಂಶ್ ಎಡವಿದ್ದು ಇಲ್ಲಿಯೇ. ನಿಮ್ಮ ಮಾವನವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಪದ ‘ಅಂಶ’ ಎಂದಿಟ್ಟುಕೊಂಡರೆ ಅದರ ಅರ್ಥ ಭಾಗ, ಪಾಲು. ದೇವಾಂಶ, ಶಿವಾಂಶ ಎಂದರೆ ದೇವರ ಒಂದು ಪಾಲು; ಅವು ಸರಿಯಾದ ಹೆಸರುಗಳೇ. ಕಿರಣಕ್ಕೆ ಇರುವ ಮಾತು ‘ಅಂಶು’, ಕೊನೆಯಲ್ಲಿ ಉಕಾರ. ತಂಪು ಕಿರಣದ ಚಂದ್ರ ಹಿಮಾಂಶು, ಅಮೃತಕಿರಣದವನು ಸುಧಾಂಶು. ಆ ಉಕಾರವನ್ನು ಕತ್ತರಿಸಿದ ಕೂಡಲೇ ಕಿರಣ ಹೋಗಿ ಪಾಲು ಉಳಿಯುತ್ತದೆ. ಯಾವುದರ ಪಾಲು ಎಂದರೆ ‘ರಿಯ’ದ ಪಾಲು. ಸಂಸ್ಕೃತದಲ್ಲಾಗಲಿ ಕನ್ನಡದಲ್ಲಾಗಲಿ ಸೂರ್ಯನಿಗೆ ರಿಯ ಎಂಬ ಹೆಸರಿಲ್ಲ. ಹೆಸರುಪಟ್ಟಿಗಳನ್ನು ತಯಾರಿಸುವವರು ಮೊದಲು ಕಿವಿಗೆ ಇಂಪಾದ ಸದ್ದು ಕಟ್ಟುತ್ತಾರೆ, ಆಮೇಲೆ ಅದಕ್ಕೆ ಸೂರ್ಯನನ್ನೋ ವಿಷ್ಣುವನ್ನೋ ಅಂಟಿಸುತ್ತಾರೆ. ಅರ್ಥವಿಲ್ಲದ ಹೆಸರು ಇಡಲೇಬಾರದು ಎಂಬ ಕಟ್ಟುಪಾಡು ನನ್ನದಲ್ಲ. ಪುಟ್ಟ, ಚಿಂಟು, ಬಬ್ಲು ಎಂದು ಕರೆಸಿಕೊಂಡವರೂ ಚೆನ್ನಾಗಿಯೇ ಬದುಕಿದ್ದಾರೆ. ಸದ್ದು ಇಷ್ಟವಾಯಿತೆಂದು ಇಟ್ಟರೆ ಹಾಗೆಂದೇ ಹೇಳಿ. ಮಗ ದೊಡ್ಡವನಾಗಿ ನಿಘಂಟು ತೆರೆದು ‘ಅಪ್ಪಾ, ಸೂರ್ಯ ಎಲ್ಲಿ?’ ಎಂದು ಕೇಳುವ ಹಾಗಾಗಬಾರದು, ಅಷ್ಟೇ.

ಈಗ ಕೊಂಚ ಕಿರಿಕಿರಿಯ ವಿಷಯ. ‘ಷ್’ ಎಂದು ಮುಗಿಯುವ ಹೆಸರು ಬೇಕು ಎಂದಿರಿ. ಆದರೆ ನೀವು ಮೆಚ್ಚಿದ ರಿಯಾಂಶ್ ‘ಶ್’ ಎಂದು ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಎಸ್, ಎಚ್ ಎಂಬ ಅದೇ ಎರಡಕ್ಷರ. ಕನ್ನಡದಲ್ಲಿ ಇವು ಬೇರೆ ಬೇರೆ ಅಕ್ಷರಗಳು. ಶಕಾರ ತಾಲವ್ಯ, ನಾಲಗೆ ಅಂಗಳಿನ ಕಡೆಗೆ ಏಳುತ್ತದೆ. ಷಕಾರ ಮೂರ್ಧನ್ಯ, ನಾಲಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮಾತಿನಲ್ಲಿ ಈ ಭೇದ ಉಳಿಸಿಕೊಂಡವರು ಕಡಿಮೆ, ನಿಜ. ಕನ್ನಡದ ನಾಲಗೆಗೆ ಎರಡೂ ಹೊರಗಿನವೇ. ಅದು ಆಕಾಶವನ್ನು ಆಗಸ ಮಾಡಿಕೊಂಡಿತು, ವೇಷವನ್ನು ವೇಸ, ಸಂತೋಷವನ್ನು ಸಂತಸ, ಶಶಿಯನ್ನು ಸಸಿ. ಶ, ಷ ಎರಡನ್ನೂ ಒಂದೇ ಸಕಾರದ ಚೀಲಕ್ಕೆ ಹಾಕಿಕೊಂಡಿತು. ಆದರೆ ಬರವಣಿಗೆ ಭೇದ ಕೇಳುತ್ತದೆ. ಆಯುಷ್ ಎಂಬುದನ್ನು ‘ಆಯುಶ್’ ಎಂದು ಬರೆದ ಹಾಜರಿ ಪುಸ್ತಕಗಳನ್ನು ನಾನೇ ಕಂಡಿದ್ದೇನೆ.

ಆ ಆಯುಷ್ ಎಂಬ ಹೆಸರಿನದೇ ಒಂದು ಸ್ವಾರಸ್ಯವಿದೆ. ಮೂಲ ಪದ ಆಯುಸ್. ಒಂಟಿಯಾಗಿ ನಿಂತಾಗ ಅದು ‘ಆಯುಃ’, ವಿಸರ್ಗದಲ್ಲಿ ಮುಗಿಯುತ್ತದೆ; ಮುಂದೆ ಪ್ರತ್ಯಯ ಬಂದಾಗ ಆಯುಷ್ಮಾನ್, ಆಯುಷ್ಯ ಎಂದು ಷಕಾರ ಮೂಡುತ್ತದೆ. ಅಂದರೆ ಆ ಷ್ ಇನ್ನೇನನ್ನೋ ಹೇಳಲು ಹೊರಟು ಅರ್ಧಕ್ಕೆ ನಿಂತ ಸದ್ದು. ಧನುಷ್ ಎಂಬುದೂ ಹೀಗೆಯೇ. ಕನ್ನಡಿಗರು ಅದನ್ನು ಬಿಡದೆ ಆಯುಸ್ಸು, ಧನುಸ್ಸು ಎಂದು ಉಕಾರ ಸೇರಿಸಿ ಮನೆಯವರನ್ನಾಗಿ ಮಾಡಿಕೊಂಡಿದ್ದರು. ಇರಲಿ, ದೀರ್ಘಾಯುಷ್ಯ ಕೋರುವ ಹೆಸರು ಯಾವ ರೂಪದಲ್ಲಿದ್ದರೂ ಶುಭವೇ. ಸರಕಾರಿ ಆಸ್ಪತ್ರೆಯ ಫಲಕದಲ್ಲಿ ‘ಆಯುಷ್ ವಿಭಾಗ’ ಎಂದು ಕಂಡರೆ ನಿಮ್ಮ ಹಿರಿಮಗ ಬೀಗುವುದು ಬೇಡ. ಅದು ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ್ದು.

ಈಶನ ಕಡೆಗೆ ಹೋಗೋಣ, ಹುಡುಗರ ಹೆಸರಿನ ದೊಡ್ಡ ಕಣಜ ಅದೇ. ಇದು ಹೊಸದಲ್ಲ. ಕದಂಬರಲ್ಲಿ ಮೃಗೇಶವರ್ಮ ಇದ್ದ. ಬಾದಾಮಿಯ ಮೂರನೆಯ ಗುಹಾಲಯವನ್ನು 578ರಲ್ಲಿ ಮಾಡಿಸಿದ ಚಾಲುಕ್ಯ ರಾಜಕುಮಾರ ಮಂಗಳೇಶ. ಈಶ ಎಂದರೆ ಒಡೆಯ. ಅವನ ಹಿಂದೆ ಏನನ್ನು ಬೇಕಾದರೂ ನಿಲ್ಲಿಸಬಹುದು, ಸಂಧಿ ಮಾತ್ರ ಸರಿಯಾಗಿರಬೇಕು. ಅಕಾರ, ಆಕಾರದ ಮುಂದೆ ಬಂದರೆ ಗುಣಸಂಧಿ: ಸುರ, ಈಶ ಸೇರಿ ಸುರೇಶ, ರಮಾ, ಈಶ ಸೇರಿ ರಮೇಶ, ಹುಣ್ಣಿಮೆಯ ರಾತ್ರಿಯಾದ ರಾಕಾ ಮತ್ತು ಈಶ ಸೇರಿ ರಾಕೇಶ, ಅಂದರೆ ಚಂದ್ರ. ಇಕಾರದ ಮುಂದೆ ಸವರ್ಣದೀರ್ಘ: ಕ್ಷಿತೀಶ, ಅವನೀಶ, ರಜನೀಶ. ಜಗತ್ ಎಂಬುದರ ಮುಂದೆ ಜಶ್ತ್ವ ಬಂದು, ಅಂದರೆ ತಕಾರ ದಕಾರವಾಗಿ, ಜಗದೀಶ. ನಮ್ಮವರು ಕನ್ನಡದ ದೇವರುಗಳಿಗೂ ಈಶನನ್ನು ಹೊಂದಿಸಿದ್ದಾರೆ: ನಂಜುಂಡನಿಂದ ನಂಜೇಶ, ಮಲೆಯ ಮಾದಪ್ಪನಿಂದ ಮಾದೇಶ. ವ್ಯಾಕರಣದವರು ಕನ್ನಡ, ಸಂಸ್ಕೃತಗಳ ಇಂಥ ಬೆರಕೆಯನ್ನು ಅರಿಸಮಾಸ ಎಂದು ಮೂಗು ಮುರಿಯಬಹುದು. ನನ್ನ ಕಿವಿಗೆ ನಂಜೇಶ ಎಂಬುದರಲ್ಲಿ ಇರುವ ಮಣ್ಣಿನ ವಾಸನೆ ಹತ್ತು ರಿಯಾಂಶರಲ್ಲಿ ಇಲ್ಲ.

ಈಶನಂತೆ ಕಾಣುವುದೆಲ್ಲ ಈಶನಲ್ಲ ಎಂಬುದನ್ನೂ ಹೇಳಬೇಕು. ಹನ್ನೆರಡು ಮಂದಿ ಅಂಬರೀಶರಿಗಾದರೂ ಪಾಠ ಹೇಳಿದ್ದೇನೆ. ಎಲ್ಲರೂ ತಮ್ಮ ಹೆಸರಿಗೆ ‘ಆಕಾಶದ ಒಡೆಯ’ ಎಂಬ ಅರ್ಥ ಹೇಳುತ್ತಿದ್ದರು. ಅಂಬರಕ್ಕೆ ಈಶ ಸೇರಿದರೆ ಅಂಬರೇಶ ಆಗಬೇಕು, ಅಂಬರೀಶ ಆಗುವುದಿಲ್ಲ. ಪುರಾಣದ ಆ ಹರಿಭಕ್ತ ದೊರೆಯ ಹೆಸರು ಅಂಬರೀಷ, ಷಕಾರದಲ್ಲೇ ಮುಗಿಯುವುದು. ಅಲ್ಲಿ ಈಶನೇ ಇಲ್ಲ. ಮನೀಷನೂ ಹೀಗೆಯೇ, ಅದು ಬುದ್ಧಿ ಎಂಬ ಅರ್ಥದ ಮನೀಷಾ ಎಂಬುದರಿಂದ ಬಂದದ್ದು. ಮನೀಶ್ ಎಂದು ಬರೆದರೆ ಬುದ್ಧಿ ಹೋಯಿತು. ಗಿರಿಶ ಎಂದು ಹ್ರಸ್ವ ಬರೆದರೆ ತಪ್ಪು ಎಂದು ಕೆಂಪು ಶಾಯಿ ಹಚ್ಚುವ ಮೇಷ್ಟರುಗಳಿಗೂ ಒಂದು ಮಾತು: ಗಿರೀಶ ಬೆಟ್ಟದ ಒಡೆಯ, ಗಿರಿಶ ಬೆಟ್ಟದಲ್ಲಿ ಮಲಗಿದವನು. ಶ್ರೀರುದ್ರದಲ್ಲಿ ಶಿವನನ್ನು ಕರೆಯುವುದು ಹ್ರಸ್ವದ ‘ಗಿರಿಶ’ ಎಂದೇ. ಹರೀಶನಲ್ಲಿ ಇನ್ನೂ ತಮಾಷೆ ಇದೆ. ಹರಿ ಎಂದರೆ ವಿಷ್ಣು, ಸರಿ. ಕಪಿ ಎಂಬ ಅರ್ಥವೂ ಇದೆ. ರಾಮಾಯಣದಲ್ಲಿ ಹರೀಶ್ವರ ಎಂದರೆ ಸುಗ್ರೀವ. ನಮ್ಮ ಹರೀಶರು ಬೇಸರ ಪಡಬಾರದು, ಸುಗ್ರೀವನೇನು ಸಾಮಾನ್ಯನಲ್ಲ.

ಇನ್ನು ‘ರಿ’. ನಕ್ಷತ್ರಗಳು ಇಪ್ಪತ್ತೇಳು, ಒಂದಕ್ಕೆ ನಾಲ್ಕು ಪಾದ, ಹಾಗಾಗಿ ನೂರೆಂಟು ಅಕ್ಷರ. ಚಿತ್ತಾ ನಕ್ಷತ್ರಕ್ಕೆ ಪೆ, ಪೊ, ರ, ರಿ. ಮುಂದಿನ ಸ್ವಾತಿಗೆ ರು, ರೆ, ರೊ, ತ. ನಿಮ್ಮ ಮಗು ಸರಿಯಾಗಿ ಗಡಿಯಲ್ಲಿ ಹುಟ್ಟಿದ್ದಾನೆ. ನಿಮಗಿಂತ ಕಷ್ಟದವರೂ ಇದ್ದಾರೆ: ಆರ್ದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಙ’, ಹಸ್ತದ ಮೂರಕ್ಕೆ ‘ಣ’. ಙಕಾರದಿಂದ ಯಾವ ತಾಯಿ ಏನೆಂದು ಕರೆದಾಳು?

ರಿಕಾರದಿಂದ ಶುರುವಾಗುವ ಒಳ್ಳೆಯ ಹೆಸರುಗಳಲ್ಲಿ ಹೆಚ್ಚಿನವು ನಿಜವಾಗಿ ಋಕಾರದವು. ರಿಷಿ, ರಿತೇಶ್, ರಿಷಬ್ ಎಂಬವೆಲ್ಲ ಋಷಿ, ಋತೇಶ, ಋಷಭ. ಆದರೆ ಕನ್ನಡದ ಬಾಯಿ ಋಕಾರವನ್ನು ‘ರು’ ಎಂದು ಆಡುತ್ತದೆ; ‘ರಿ’ ಎನ್ನುವುದು ಹಿಂದಿಯ ಕಡೆಯ ರೂಢಿ. ನಿಮ್ಮ ಅತ್ತೆಯವರು ಋಷಿ ಎಂದಾಗ ಕಿವಿಗೊಟ್ಟು ಕೇಳಿ, ರುಷಿ ಎಂದೇ ಇರುತ್ತದೆ. ಹಾಗಾದರೆ ಅದು ಚಿತ್ತಾದ ಹೆಸರೋ ಸ್ವಾತಿಯದೋ? ಪುರೋಹಿತರು ಸಾಮಾನ್ಯವಾಗಿ ಋವನ್ನು ರಿಕಾರಕ್ಕೆ ಸೇರಿಸಿಕೊಳ್ಳುತ್ತಾರೆ, ಆದ್ದರಿಂದ ನಿಮಗೆ ಅಡ್ಡಿಯಿಲ್ಲ. ಬರೆಯುವಾಗ ಋ ಬರೆಯಿರಿ. ಇಂಗ್ಲಿಷಿನಲ್ಲಿ ಆರ್ ಆದ ಮೇಲೆ ಐ ಹಾಕುವುದೋ ಯು ಹಾಕುವುದೋ ಎಂಬುದನ್ನು ಮನೆಯಲ್ಲಿ ಒಮ್ಮೆ ತೀರ್ಮಾನಿಸಿ, ಮುಂದೆ ಬದಲಿಸಬೇಡಿ.

ಋಕಾರದಲ್ಲಿ ಶುರುವಾಗಿ ಈಶನಲ್ಲಿ ಮುಗಿಯುವ ಹೆಸರುಗಳು ಯಾವುವು? ಋತ ಎಂದರೆ ವೇದದ ಮಾತಿನಲ್ಲಿ ಜಗತ್ತನ್ನು ನಡೆಸುವ ನಿಯಮ, ಸತ್ಯ. ಅದರ ಒಡೆಯ ಋತೇಶ. ಋದ್ಧಿ ಎಂದರೆ ಸಮೃದ್ಧಿ, ಅದರಿಂದ ಋದ್ಧೀಶ. ಋತು ಎಂಬುದಕ್ಕೆ ಈಶ ಸೇರಿದರೆ ಯಣ್‌ಸಂಧಿಯಲ್ಲಿ ಉಕಾರ ವಕಾರವಾಗಿ ಋತ್ವೀಶ, ಋತುಗಳ ಒಡೆಯ; ಪಟ್ಟಿಗಳಲ್ಲಿ ಇದನ್ನೇ ಕೆಡಿಸಿ ರಿತೀಶ್ ಎಂದು ಬರೆಯುವುದುಂಟು. ಋಕ್ಷ ಎಂದರೆ ನಕ್ಷತ್ರ, ಹಾಗಾಗಿ ಚಂದ್ರನಿಗೆ ಋಕ್ಷೇಶ ಎನ್ನಬಹುದು. ಆದರೆ ಋಕ್ಷ ಎಂದರೆ ಕರಡಿಯೂ ಹೌದು, ಜಾಂಬವಂತ ಋಕ್ಷರಾಜ. ಹರೀಶನ ಪಕ್ಕದಲ್ಲಿ ಋಕ್ಷೇಶನನ್ನು ಕೂರಿಸಿದರೆ ಕಿಷ್ಕಿಂಧೆಯ ಸಭೆ ಸೇರಿದಂತೆಯೇ! ಇವುಗಳಲ್ಲಿ ನನ್ನ ಮತ ಋತೇಶನಿಗೆ. ಹಳೆಯ ಕಾವ್ಯಗಳಲ್ಲಿ ಮೆರೆದ ಹೆಸರೇನೂ ಅಲ್ಲ. ಆದರೆ ಸಂಧಿ ಸರಿಯಿದೆ, ಅರ್ಥ ದೊಡ್ಡದಿದೆ, ಕರೆಯಲು ಸಲೀಸು. ನಿಮ್ಮ ಮಾವನವರು ‘ಯಾವ ಭಾಷೆ’ ಎಂದು ಕೇಳಲಾರರು.

ಕೊನೆಗೆ ಷಕಾರವೇ ಬೇಕು ಎಂದರೆ ದಾರಿ ಬೇರೆ. ಷಕಾರದಲ್ಲಿ ಮುಗಿಯುವ ಹೆಸರುಗಳು ಕಡಿಮೆ, ಆದರೆ ಚೆಲುವಾದವು. ಹರ್ಷ, ಸಂತೋಷ, ಪರಿತೋಷ. ಬೇಗ ಒಲಿಯುವ ಶಿವನ ಹೆಸರು ಆಶುತೋಷ. ನಸುಕು ಎಂಬ ಅರ್ಥದ ಪ್ರತ್ಯೂಷ. ಅಮೃತ ಎಂಬ ಅರ್ಥದ ಪೀಯೂಷ. ಕಣ್ಣು ಮಿಟುಕಿಸದವನು, ಅಂದರೆ ದೇವರು, ಅನಿಮಿಷ. ಈ ಕೊನೆಯದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಎಳೆ ಇದೆ: ಅಲ್ಲಮಪ್ರಭುವಿನ ಗುರುವಿನ ಹೆಸರು ಅನಿಮಿಷ. ವಚನಗಳ ಪರಿಚಯ ಇರುವ ಮನೆಯಲ್ಲಿ ಅದು ತೂಕದ ಹೆಸರು. ಮಹಿಷ, ನಹುಷ ಎಂಬವೂ ಷಕಾರಾಂತಗಳೇ; ಪಟ್ಟಿಯಿಂದ ಪ್ರಾಸ ನೋಡಿ ಆರಿಸುವವರ ಕೈಗೆ ಒಮ್ಮೊಮ್ಮೆ ಕೋಣವೋ ಹಾವೋ ಸಿಗುವುದೂ ಉಂಟು. ಕಿವಿಗೆ ಆಯುಷ್ ಜೊತೆ ಎಲ್ಲಕ್ಕಿಂತ ಹತ್ತಿರ ಕೂರುವುದು ಪೀಯೂಷ. ಅಣ್ಣ ಆಯುಸ್ಸು, ತಮ್ಮ ಅಮೃತ: ಸದ್ದಿನಲ್ಲೂ ಅರ್ಥದಲ್ಲೂ ಜೋಡಿ. ಆದರೆ ಅದು ರಿಕಾರವಲ್ಲ.

ಅತ್ತೆಯವರನ್ನು ಒಪ್ಪಿಸುವುದು ಹೇಗೆ? ಶಾಸ್ತ್ರವೇ ದಾರಿ ಬಿಟ್ಟುಕೊಟ್ಟಿದೆ. ಮಗುವಿಗೆ ಒಂದೇ ಹೆಸರು ಎಂಬುದು ಕಚೇರಿಯ ನಿಯಮ, ಮನೆಯದಲ್ಲ. ನಾಮಕರಣದಲ್ಲಿ ನಕ್ಷತ್ರನಾಮ, ಮಾಸನಾಮ, ವ್ಯವಹಾರನಾಮ ಎಂದು ಬೇರೆ ಬೇರೆ ಇಡುವ ಪದ್ಧತಿ ಅನೇಕ ಮನೆತನಗಳಲ್ಲಿ ಇದೆ. ಆಶ್ವಲಾಯನ ಸೂತ್ರ ಇನ್ನೂ ಮುಂದೆ ಹೋಗಿ, ಉಪನಯನದವರೆಗೆ ತಂದೆ ತಾಯಿಗೆ ಮಾತ್ರ ಗೊತ್ತಿರುವ ಒಂದು ಹೆಸರನ್ನು ಇಡಲು ಹೇಳುತ್ತದೆ. ಸೋದರತ್ತೆ ಕಿವಿಯಲ್ಲಿ ಉಸುರುವ ಹೆಸರು, ಅಕ್ಕಿಯ ಮೇಲೆ ಉಂಗುರದಿಂದ ಬರೆಯುವ ಹೆಸರು ಋಷಿಯೋ ಋತೇಶನೋ ಆಗಲಿ. ಜನನ ಪತ್ರಕ್ಕೆ ಪೀಯೂಷ ಹೋಗಲಿ. ಇದರಲ್ಲಿ ಯಾರೂ ಸೋಲುವುದಿಲ್ಲ. ಈ ಮಾತನ್ನು ನಿಮ್ಮ ಯಜಮಾನರ ಬಾಯಿಂದ ಹೇಳಿಸಿ, ಸೊಸೆಯ ಬಾಯಿಂದ ಬೇಡ.

ಜೋಡಿ ಹೆಸರಿನ ಆಸೆಯ ಬಗ್ಗೆಯೂ ಒಂದು ಮಾತು. ದಶರಥನಿಗೆ ನಾಲ್ಕು ಮಕ್ಕಳು, ರಾಮ, ಭರತ, ಲಕ್ಷ್ಮಣ, ಶತ್ರುಘ್ನ. ಒಬ್ಬರ ಕೊನೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಪಾಂಡವರಲ್ಲೂ ಇಲ್ಲ. ಪ್ರಾಸ ಹಾಕಿ ಹೆಸರಿಟ್ಟದ್ದು ಯಾರ ಮನೆಯಲ್ಲಿ? ದುರ್ಯೋಧನ, ದುಶ್ಶಾಸನ. ಶುಂಭ, ನಿಶುಂಭ. ಚಂಡ, ಮುಂಡ. ಸುಂದ, ಉಪಸುಂದ. ಹೀಗೆಂದು ಹೆದರಬೇಡಿ, ಪ್ರಾಸದ ಸಹೋದರರಲ್ಲಿ ವಿಜಯನಗರ ಕಟ್ಟಿದ ಹಕ್ಕ, ಬುಕ್ಕರೂ ಇದ್ದಾರೆ. ಆದರೆ ಒಂದು ವ್ಯಾವಹಾರಿಕ ತೊಂದರೆ ಇದೆ. ಹಿಂಬದಿಯ ಕೋಣೆಯಿಂದ ಕೂಗಿದಾಗ ಸ್ಪಷ್ಟವಾಗಿ ಕಿವಿಗೆ ಬೀಳುವುದು ಹೆಸರಿನ ಕೊನೆ. ಎರಡು ಹೆಸರಿನ ಕೊನೆ ಒಂದೇ ಆದರೆ ಇಬ್ಬರೂ ಓಡಿ ಬರುತ್ತಾರೆ, ಅಥವಾ ಇಬ್ಬರೂ ‘ಅವನನ್ನು ಕರೆದದ್ದು’ ಎಂದು ಕೂತಿರುತ್ತಾರೆ. ಆಯುಷ್, ಪೀಯೂಷ್ ಜೋಡಿಗೆ ಈ ಅಪಾಯ ಹೆಚ್ಚು. ಆಯುಷ್, ಋತೇಶ ಜೋಡಿಗೆ ಕಡಿಮೆ.

ಕೊನೆಯ ಅರ್ಧಾಕ್ಷರದ ಬಗ್ಗೆ ನನ್ನ ಹಳೆಯ ತಕರಾರೊಂದಿದೆ, ಹೇಳಿಬಿಡುತ್ತೇನೆ. ಕನ್ನಡದ ಪದ ಸ್ವರದಲ್ಲಿ ಮುಗಿಯಲು ಬಯಸುತ್ತದೆ. ರಮೇಶನಿಗೆ, ರಮೇಶನಿಂದ, ರಮೇಶನಲ್ಲಿ ಎಂದು ವಿಭಕ್ತಿ ಹರಿದು ಬರುತ್ತದೆ. ರಮೇಶ್ ಎಂದು ತುಂಡು ಮಾಡಿದರೆ ಪ್ರತ್ಯಯ ಅಂಟುವುದಿಲ್ಲ, ‘ರಮೇಶ್ ಅವರಿಗೆ’ ಎಂದು ಮಗುವಿಗೂ ಬಹುವಚನ ಹಚ್ಚಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಆಯುಷ್ ಎಂಬುದಕ್ಕೆ ‘ನ’ ಸೇರಿಸಿ ನೋಡಿ. ಎಚ್ಚರ ತಪ್ಪಿದರೆ ನಕಾರ ಷಕಾರದ ಕೆಳಗೆ ಒತ್ತಾಗಿ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯ, ಕರೆಯುವುದು. ಸಂಬೋಧನೆಯಲ್ಲಿ ಕೊನೆಯ ಸ್ವರವನ್ನು ಎಳೆಯುತ್ತೇವೆ: ‘ರಮೇಶಾ...’ ಎಂದು ಮಹಡಿಯಿಂದ ಕೂಗಿದರೆ ಬೀದಿಯ ಕೊನೆಗೆ ಮುಟ್ಟುತ್ತದೆ. ‘ಷ್’ ಎಂಬುದನ್ನು ಎಳೆಯಲು ಹೋದರೆ ಬೆಕ್ಕನ್ನು ಓಡಿಸಿದಂತೆ ಕೇಳಿಸುತ್ತದೆ. ಹೀಗಾಗಿಯೇ ಹಿರಿಯವನನ್ನು ನೀವು ಮನೆಯಲ್ಲಿ ‘ಆಯೂ’ ಎಂದು ಕರೆಯುತ್ತಿರಬೇಕು ಎಂಬುದು ನನ್ನ ಊಹೆ. ಅವನೂ ಮುಂದೆ ಬೀದಿಯವರಿಗೆ ಆಯುಷಣ್ಣ ಆಗಿಯೇ ಆಗುತ್ತಾನೆ. ನಮ್ಮ ಜನ ಅರ್ಧಾಕ್ಷರವನ್ನು ಹೆಚ್ಚು ದಿನ ಅರ್ಧವಾಗಿ ಬಿಡುವುದಿಲ್ಲ. ಕಿರಿಯವನಿಗಾದರೂ ಮೊದಲೇ ಅಕಾರ ಕೊಟ್ಟುಬಿಡಿ: ಋತೇಶ, ಪೀಯೂಷ. ಶಾಲೆಯಲ್ಲಿ ಯಾರಾದರೂ ಕತ್ತರಿಸಿ ಕರೆದರೆ ಕರೆಯಲಿ, ಬರಹದಲ್ಲಿ ಇಡೀ ಹೆಸರು ಇರಲಿ.

ತೀರ್ಮಾನಕ್ಕೆ ಮುಂಚೆ ಒಂದು ವಾರ ಎರಡೂ ಹೆಸರುಗಳನ್ನು ಮನೆಯಲ್ಲಿ ಬಳಸಿ ನೋಡಿ. ಅಜ್ಜಿ ಜೋಗುಳದಲ್ಲಿ ಹಾಡಲಿ, ಆಯುಷ್ ತನ್ನ ತಮ್ಮನನ್ನು ಕರೆಯಲಿ. ಅವನ ತೊದಲು ನಾಲಗೆಗೆ ಯಾವುದು ಬರುತ್ತದೆ ಎಂಬುದನ್ನು ಗಮನಿಸಿ, ದಿನಕ್ಕೆ ನೂರು ಸಲ ಆ ಹೆಸರು ಹೇಳಬೇಕಾದವನು ಅವನೇ. ನೋಂದಣಿ ಕಚೇರಿಗೆ ಹೋಗುವಾಗ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದ ಚೀಟಿ ಒಯ್ಯಿರಿ, ಬಾಯಲ್ಲಿ ಹೇಳಬೇಡಿ. ಋತೇಶ ಆದರೆ ಶಂಕರನ ಶ, ಪೀಯೂಷ ಆದರೆ ಪಕಾರದ ಹೊಟ್ಟೆಯಲ್ಲಿ ಗೆರೆ ಎಳೆದ ಷ. ಗುಮಾಸ್ತರು ಅಚ್ಚಿಗೆ ಕೊಡುವ ಮುನ್ನ ಪರದೆಯಲ್ಲಿ ಒಮ್ಮೆ ತೋರಿಸಿ ಎಂದು ಕೇಳಿ, ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕನ್ನಡಕ ಮರೆಯದಂತೆ ಹೇಳಿ.